ಕೀಬೋರ್ಡಿಗೆ ಇಟ್ಟ ಕುಂಕುಮ

ಮೌಸ್ ಮುಟ್ಟದೆ ಕಂಪ್ಯೂಟರ್ ನಡೆಸುವವರಿಗೆ ಸ್ವಲ್ಪ ಜಂಬ ಇರುತ್ತದೆ. ನನಗಂತೂ ಸ್ವಲ್ಪವಲ್ಲ, ಬೇಕಾದಷ್ಟಿತ್ತು. ತಾಳವಾಡಿ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಡಿಟಿಪಿ ಅಂಗಡಿ. ಅದು ಫ್ಲಾಪಿಯ ಕಾಲ. ನನ್ನ ಕಂಪ್ಯೂಟರಿಗೆ ಯುಪಿಎಸ್ ಇರಲಿಲ್ಲ, ನಮ್ಮೂರಿನ ಕರೆಂಟಿಗೆ ಹೇಳಿ ಹೋಗುವ ಅಭ್ಯಾಸ ಇರಲಿಲ್ಲ. ಹಾಗಾಗಿ ಎರಡು ಸಾಲು ಹೊಡೆಯುವುದು, ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿ ಸೇವ್ ಮಾಡುವುದು, ಮತ್ತೆ ಎರಡು ಸಾಲು. ಬಲ್ಬು ಮಿಣುಕಿದರೆ ಸಾಕು, ಬೆರಳು ತಾನಾಗಿ ಅಲ್ಲಿಗೆ ಓಡುತ್ತಿತ್ತು. ಇಂಥ ಶಾರ್ಟ್‌ಕಟ್‌ಗಳನ್ನೆಲ್ಲ ಒಂದು ರಟ್ಟಿನ ಮೇಲೆ ಬರೆದು ಗೋಡೆಗೆ ನೇತುಹಾಕಿದ್ದೆ. ನನ್ನ ಹೆಂಡತಿ ಗೌರಮ್ಮ ಅದೇನೆಂದು ಕೇಳಿ ತಿಳಿದುಕೊಂಡು, "ದಿಂಬಂ ಘಾಟೀಲಿ ಅಡ್ಡದಾರಿ ಇಡ್ದವ್ರೆಲ್ಲ ಕಾಡಾನ ಮುಂದ್ಕೋಗಿ ನಿಂತ್ಕಂಡವ್ರ. ನೀವು ಸುತ್ತಾಕಂಡೇ ಓಗಿ" ಎಂದಳು.

ಆಯುಧಪೂಜೆಗೆ ಅಂಗಡಿ ತೊಳೆದು ಪೂಜೆ ಮಾಡುವುದು ಅವಳದೇ ಕೆಲಸ. ಆ ವರ್ಷ ಮಾನಿಟರಿಗೆ ಮೂರೆಳೆ ವಿಭೂತಿ ಬಳಿದು, ಕೀಬೋರ್ಡಿನ ಅಷ್ಟೂ ಕೀಗಳಲ್ಲಿ ಎರಡಕ್ಕೆ ಮಾತ್ರ ಕುಂಕುಮ ಇಟ್ಟಿದ್ದಳು: ಕಂಟ್ರೋಲು ಮತ್ತು ಎಸ್ಸು.

"ಮಿಕ್ಕವೇನು ಮಲಮಕ್ಕಳಾ?" ಎಂದು ರೇಗಿದೆ.

"ಕರೆಂಟು ಓಯ್ತದ ಅನ್ನುವಾಗ ನೀವು ಜೀವ ಬುಟ್ಕಂಡು ಒತ್ತದು ಅವೆರಡ್ನೇ ತಾನೆ? ಕಾಯೋವು ಅವೇ ಅಂತ ಮಡಗ್ದಿ" ಎಂದಳು.

ಅವಳು ಒಂದು ದಿನವೂ ಕೀಬೋರ್ಡ್ ಮುಟ್ಟಿದವಳಲ್ಲ. ಪಕ್ಕದ ಸ್ಟೂಲಿನಲ್ಲಿ ಕೂತು ಅವರೆಕಾಯಿ ಸುಲಿಯುವವಳಿಗೆ ಇದೆಲ್ಲ ಏನು ಗೊತ್ತು ಎಂದುಕೊಂಡು, ಒದ್ದೆ ಬಟ್ಟೆ ತಂದು ಎರಡನ್ನೂ ಒರೆಸಿಬಿಟ್ಟೆ.

ತಿಂಗಳೊಳಗೆ ನಾದಿನಿಯ ಮದುವೆ ನಿಶ್ಚಯವಾಯಿತು. ಲಗ್ನಪತ್ರಿಕೆ ನಾನೇ ಟೈಪ್ ಮಾಡಿ, ಫ್ಲಾಪಿಯನ್ನು ಹನ್ನೆರಡು ಗಂಟೆಯ ಬಸ್ಸಿನಲ್ಲಿ ಸತ್ಯಮಂಗಲದ ಪ್ರೆಸ್ಸಿಗೆ ಕಳಿಸಬೇಕು. ಆ ಬಸ್ಸು ತಪ್ಪಿದರೆ ಪ್ರೆಸ್ಸಿನವರು ಬೇರೆ ಕೆಲಸ ಹಿಡಿಯುತ್ತಾರೆ, ಪತ್ರಿಕೆ ಕೈಗೆ ಬರುವಷ್ಟರಲ್ಲಿ ಮದುವೆಯೇ ಮುಗಿದಿರುತ್ತದೆ. ಲಗ್ನಪತ್ರಿಕೆಯಲ್ಲಿ ಕಷ್ಟದ ಭಾಗ ಮುಹೂರ್ತವಲ್ಲ, 'ಸುಖಾಗಮನ ಬಯಸುವವರು'. ಯಾರ ಹೆಸರು ಮೇಲೆ, ಯಾರದು ಕೆಳಗೆ, ಯಾರ ಪಕ್ಕದಲ್ಲಿ ಯಾರು ಕೂಡದು. ಒಂದು ಹೆಸರು ಬಿಟ್ಟರೆ ಮೂರು ತಲೆಮಾರು ಮಾತು ಬಿಡುವ ಜನ ನಾವು. ಮಾವನವರು ಬೆಳಿಗ್ಗೆಯೇ ಬಂದು ಕೂತು, ತಿಗನಾರೆ ದೊಡ್ಡಪ್ಪನಿಂದ ಹಿಡಿದು ಜೀರಹಳ್ಳಿ ಸೋದರತ್ತೆಯವರೆಗೆ ಅಷ್ಟನ್ನೂ ಬಾಯಲ್ಲೇ ಹೇಳಿದರು. ಚೀಟಿ ಗೀಟಿ ಏನೂ ಇಲ್ಲ. ನಡುವೆ ಎರಡು ಸಲ ಮನಸ್ಸು ಬದಲಾಯಿಸಿ ಹಿರಿಯರನ್ನು ಮೇಲೆ ಕೆಳಗೆ ಮಾಡಿದರು. ಹನ್ನೊಂದೂ ಮುಕ್ಕಾಲಿಗೆ ಮುಗಿಯಿತು.

ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ಮಾವನ ಮುಂದೆ ಕೈಚಳಕ ತೋರಿಸದ ಅಳಿಯ ಎಂಥ ಅಳಿಯ? "ನೋಡಿ ಮಾವ, ಎಲ್ಲಾ ಹೆಸರನ್ನೂ ಒಂದೇ ಏಟಿಗೆ ದಪ್ಪ ಮಾಡ್ತೀನಿ" ಎಂದು ಕಂಟ್ರೋಲ್ ಜೊತೆ ಎ ಒತ್ತಿದೆ. ಇಡೀ ಬಂಧುಬಳಗ ಸೆಲೆಕ್ಟ್ ಆಗಿ ಕಪ್ಪಾಗಿ ನಿಂತಿತು. ಇನ್ನು ಕಂಟ್ರೋಲ್ ಜೊತೆ ಬಿ ಒತ್ತಬೇಕು. ಜಂಬದ ಬೆರಳು ಕಂಟ್ರೋಲಿನಿಂದ ಮೊದಲೇ ಎದ್ದುಬಿಟ್ಟಿತು. ಬಿ ಒಂದೇ ಬಿತ್ತು. ಅಷ್ಟೂ ನೆಂಟರು ಮಾಯವಾಗಿ ಪರದೆಯ ಮೂಲೆಯಲ್ಲಿ ಒಂದೇ ಒಂದು ಅಕ್ಷರ ಉಳಿಯಿತು. ಗಾಬರಿಯಲ್ಲಿ ಬೆರಳು ಅಭ್ಯಾಸಬಲದಿಂದ ಕಂಟ್ರೋಲ್ ಎಸ್ ಒತ್ತಿತು. ಆದ ನಷ್ಟವನ್ನು ಹೀಗೆ ಭದ್ರವಾಗಿ ಸೇವ್ ಮಾಡಿದ್ದೂ ನಾನೇ.

"ಅಳಿಮಯ್ಯ, ನಮ್ಮ ನೆಂಟ್ರೆಲ್ಲ ಎಲ್ಲಿಗೋದ್ರು?" ಎಂದರು ಮಾವ.

ಎದುರಿಗೆ ಬಸ್ಸು ಬಂದು ಹಾರ್ನ್ ಹೊಡೆಯಿತು. ನಾನೇ ಬರೆದ ರಟ್ಟು ನನ್ನ ತಲೆಯ ಹಿಂದೆಯೇ ನೇತಾಡುತ್ತಿದ್ದರೂ ಅದರಲ್ಲಿದ್ದ ಒಂದಕ್ಷರವೂ ನೆನಪಿಗೆ ಬರಲಿಲ್ಲ. ಸುಳ್ಳೇಕೆ ಹೇಳಲಿ, ಅಳುವೇ ಬಂತು.

ಪಕ್ಕದ ಸ್ಟೂಲಿನಲ್ಲಿದ್ದ ಗೌರಮ್ಮ ಮೊರ ಕೆಳಗಿಟ್ಟು ಎದ್ದಳು. "ಒಸಿ ಅತ್ತಗ ಸರೀರಿ. ತಪ್ಪು ಮಾಡ್ದಾಗೆಲ್ಲ ಈ ಮೂಲೇದ್ನ ಒತ್ತೀರಲ್ಲ, ಇವತ್ತೇನಾಗದ ನಿಮ್ಗ?" ಎನ್ನುತ್ತ ಒಂದು ಬೆರಳನ್ನು ಕಂಟ್ರೋಲಿನ ಮೇಲೂ ಇನ್ನೊಂದನ್ನು ಝಡ್ ಮೇಲೂ ಇಟ್ಟು ಒತ್ತಿದಳು. ದೊಡ್ಡಪ್ಪನಿಂದ ಸೋದರತ್ತೆಯವರೆಗೆ ಎಲ್ಲರೂ ಅವರವರ ಜಾಗಕ್ಕೆ ವಾಪಸ್ಸು ಬಂದು ಕೂತರು. ಮಾವ ಪರದೆಗೆ ಬೆರಳಿಟ್ಟು ಒಬ್ಬೊಬ್ಬರನ್ನೂ ಎಣಿಸಿದರು. ಆಮೇಲೆ ನನ್ನ ಕಡೆ ನೋಡದೆ, "ಅಂಗಡಿ ನಡ್ಸದು ನೀನೇ ಏನವ್ವಾ?" ಎಂದು ಮಗಳನ್ನು ಕೇಳಿದರು. ನಾನು ಮತ್ತೆ ಸೇವ್ ಮಾಡಿ, ಫ್ಲಾಪಿ ಹಿಡಿದು ಬಸ್ಸಿಗೆ ಓಡಿದೆ.

ಮುಂದಿನ ಆಯುಧಪೂಜೆಗೆ ಕುಂಕುಮದ ಬಟ್ಟಲನ್ನು ನಾನೇ ಅವಳ ಕೈಗೆ ಕೊಟ್ಟೆ. ಕಂಟ್ರೋಲಿಗೊಂದು ಬೊಟ್ಟು, ಎಸ್ಸಿಗೊಂದು ಬೊಟ್ಟು ಇಟ್ಟಳು. ಝಡ್ಡಿಗೆ ಮಾತ್ರ ಕೀ ಪೂರ್ತಿ ಮುಚ್ಚುವಷ್ಟು ಬಳಿದಳು.

"ಅದಕ್ಕೇಕೆ ಅಷ್ಟೊಂದು?"

"ದಿನಾ ಜಾಸ್ತಿ ದುಡಿಯದು ಅದೇ ಅಲ್ವಾ, ಪಾಪ."

ಈ ಸಲ ಒರೆಸಲು ಮನಸ್ಸಾಗಲಿಲ್ಲ. ಅದರ ಫಲ ಮಾರನೆಯ ದಿನವೇ ಕಂಡಿತು. ಸಂಜೆಯ ಹೊತ್ತಿಗೆ ನನ್ನ ಬೆರಳು, ಅಂಗಿಯ ಜೇಬು, ಗಿರಾಕಿಗಳ ಕಾಗದ ಎಲ್ಲ ಕೆಂಪು. ನಾನು ದಿನಕ್ಕೆ ಎಷ್ಟು ತಪ್ಪು ಮಾಡುತ್ತೇನೆಂದು ಗೌರಮ್ಮನೊಬ್ಬಳಿಗೇ ಗೊತ್ತಿದ್ದದ್ದು ಅಂದು ತಾಳವಾಡಿಗೆಲ್ಲ ಗೊತ್ತಾಯಿತು.