ವಸಂತನಿಗೆ ಸಿಕ್ಕಿದ ಶಿಷ್ಯ

ಪುಂಜಾಲಕಟ್ಟೆಯ ವಸಂತ ಮನೆಮನೆಗೆ ವೈರಿಂಗ್ ಮಾಡಿಕೊಂಡು ನೆಮ್ಮದಿಯಾಗಿದ್ದವನು. ಪಂಚಾಯತ್ ಕಟ್ಟಿಸುತ್ತಿದ್ದ ಗ್ರಂಥಾಲಯದ ವೈರಿಂಗ್ ಗುತ್ತಿಗೆ ಸಿಕ್ಕಿದ ಮೇಲೆ ಆ ನೆಮ್ಮದಿ ಹೋಯಿತು. ಸರಕಾರಿ ಕೆಲಸ ಹಿಡಿದವರು ಒಬ್ಬ ಹೊಸಬರಿಗೆ ಕೆಲಸ ಕಲಿಸಲೇಬೇಕೆಂಬ ಶರತ್ತಿಗೂ ಅವನು ಸಹಿ ಹಾಕಿದ್ದ. ಓದಿ ಹಾಕಿದ್ದಲ್ಲ. ಬೆಳಿಗ್ಗೆ ಬಂಟ್ವಾಳದಿಂದ ಇಂಜಿನಿಯರ್ ತೃಪ್ತಿ ಮೇಡಂ ಫೋನ್ ಮಾಡಿ, ಮಧ್ಯಾಹ್ನ ಬರುತ್ತೇನೆ, ನಿಮ್ಮ ಅಪ್ರೆಂಟಿಸನ್ನು ನೋಡಬೇಕು ಎಂದಾಗಲೇ ಅವನಿಗೆ ವಿಷಯ ತಲೆಗೆ ಹೊಕ್ಕಿತು. ತೋರಿಸಲು ಜನ ಇಲ್ಲದಿದ್ದರೆ ಗುತ್ತಿಗೆಯೇ ರದ್ದು.

ಬೈಕ್ ಹತ್ತಿ ಬೆಳ್ತಂಗಡಿಯವರೆಗೆ ಹುಡುಕಿದ. ಐಟಿಐ ಮುಗಿಸಿದ ಒಬ್ಬ ದುಬೈ ವೀಸಾಕ್ಕೆ ಕಾಯುತ್ತಿದ್ದ. ಇನ್ನೊಬ್ಬ ತನಗೆ ಕಲಿಯಲು ಏನೂ ಬಾಕಿಯಿಲ್ಲವೆಂದ. ಬೆವರಿ ಅಂಗಡಿಗೆ ಮರಳಿದರೆ ಬೆಂಚಿನ ಮೇಲೆ ಎಂದಿನಂತೆ ಚನಿಯಪ್ಪ ಕೂತಿದ್ದರು.

ಚನಿಯಪ್ಪ ನಿವೃತ್ತ ಬಸ್ ಕಂಡಕ್ಟರ್, ಅರವತ್ತು ದಾಟಿದವರು. ಯಾರ ಮನೆಗೆ ಯಾಕೆ ನೆಂಟರು ಬಂದರೆಂದು ತಿಳಿಯದೆ ಅವರಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ವಸಂತನ ಸಂಕಟವನ್ನೂ ಕೆದಕಿ ಕೆದಕಿ ತಿಳಿದುಕೊಂಡರು.

"ನಾನಾಗ್ತೇನೆ ಮಾರಾಯ. ಸ್ವಲ್ಪ ಹೊತ್ತು ಸ್ಕ್ರೂಡ್ರೈವರ್ ಹಿಡಿದು ನಿಲ್ಲುವುದಲ್ವಾ?"

ವಸಂತ ಬೇಡವೆಂದ. ಆದರೆ ಎದುರಿನ ಹೋಟೆಲಿನ ಸೇಸಮ್ಮ ನಡುವೆ ಬಾಯಿ ಹಾಕಿ, ತಲೆಗೆ ಬಣ್ಣ ಬಳಿದು ಮೀಸೆ ಬೋಳಿಸಿದರೆ ಯಾರಿಗೂ ಗೊತ್ತಾಗದೆಂದಳು. ಬೇರೆ ದಾರಿಯೂ ಇರಲಿಲ್ಲ. ಅರ್ಧ ಗಂಟೆಯಲ್ಲಿ ಚನಿಯಪ್ಪ ಸುಲಿದ ಗೆಣಸಿನಂಥ ಮುಖ ಹೊತ್ತು ಬಂದರು. ಬಾಯಿ ಬಿಡಬೇಡಿ ಎಂದು ವಸಂತ ಕೈ ಮುಗಿದು ಕೇಳಿಕೊಂಡ.

ತೃಪ್ತಿ ಮೇಡಂ ಗ್ರಂಥಾಲಯದ ಕಟ್ಟಡಕ್ಕೆ ಬಂದಾಗ ಬಿಸಿಲು ಸುಡುತ್ತಿತ್ತು. ಬಣ್ಣ ಕರಗಿ ಚನಿಯಪ್ಪನವರ ಕಿವಿಯ ಹಿಂದೆ ಕಪ್ಪು ತೊರೆಯೊಂದು ಹರಿಯತೊಡಗಿತು. ಮೇಡಂ ಅದನ್ನೇ ಕುತೂಹಲದಿಂದ ನೋಡಿದರು.

"ನಿಮಗೆ ವಯಸ್ಸೆಷ್ಟು?"

"ಕಲಿಯುವ ವಯಸ್ಸು ಮೇಡಂ."

ಅಷ್ಟಕ್ಕೆ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಗೋಡೆಯಲ್ಲಿ ನೇತಾಡುವ ತಂತಿಗಳನ್ನು ಅಷ್ಟು ಹತ್ತಿರದಿಂದ ನೋಡಿದ್ದೇ ಚನಿಯಪ್ಪನವರ ಹಳೆಯ ಚಾಳಿ ಕೆರಳಿತು. ಒಂದು ತಂತಿ ಹಸಿರು ಯಾಕೆ, ತಂತಿಯ ಮೇಲೆ ಕೂತ ಕಾಗೆಗೆ ಶಾಕ್ ಹೊಡೆಯುವುದಿಲ್ಲ ಯಾಕೆ ಎಂದು ಕೇಳುತ್ತಲೇ ಹೋದರು. ವಸಂತ ತೊದಲಿದ. ಮೇಡಂ ತಾವೇ ಏಣಿಯ ಮೆಟ್ಟಿಲ ಮೇಲೆ ಕೂತು ಉತ್ತರ ಹೇಳತೊಡಗಿದರು.

ಅಷ್ಟರಲ್ಲಿ ಸೇಸಮ್ಮ ಮೇಡಂಗೆ ಚಾ ತಂದಳು. ಸುಮ್ಮನೆ ಹೋಗಲಿಲ್ಲ. ಚನಿಯಪ್ಪಣ್ಣ, ಮಗಳು ಫೋನ್ ಮಾಡಿದ್ದಳು, ಮೊಮ್ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಯಾವಾಗ ಬರುತ್ತೀರಂತೆ ಎಂದು ಕೇಳಿಬಿಟ್ಟಳು.

ವಸಂತ ಎಲ್ಲ ಒಪ್ಪಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಮೇಡಂ ನಕ್ಕರು.

"ಹೆದರಬೇಡಿ. ಹದಿನೆಂಟು ತುಂಬಿರಬೇಕು ಅಂತ ಮಾತ್ರ ಶರತ್ತು. ಎಷ್ಟು ದಾಟಬಾರದು ಅಂತ ಎಲ್ಲಿಯೂ ಇಲ್ಲ. ನಾನು ನೋಡಿದ ಅಪ್ರೆಂಟಿಸ್‌ಗಳಲ್ಲಿ ಪ್ರಶ್ನೆ ಕೇಳಿದವರು ಇವರೊಬ್ಬರೇ. ಇವರ ಹೆಸರನ್ನೇ ಬರ್ಕೊಳ್ತೇನೆ."

ವಸಂತನಿಗೆ ಹೋದ ಜೀವ ಬಂತು. ಮೇಡಂ ಅವರನ್ನು ಕಳುಹಿಸಿಕೊಡಲು ಜೀಪಿನವರೆಗೆ ಹೋದ. ಹಿಂದಿನ ಸೀಟಿನಲ್ಲಿ ಒಬ್ಬಳು ಹುಡುಗಿ ಕೂತಿದ್ದಳು.

"ಇವಳು ವಿಸ್ಮಿತಾ. ವೈರಿಂಗ್ ಕೋರ್ಸಿನಲ್ಲಿ ಮೊದಲ ಸ್ಥಾನ. ನಿಮಗೆ ಯಾರೂ ಸಿಕ್ಕಿರಲಿಕ್ಕಿಲ್ಲ, ಇವಳನ್ನು ಇಲ್ಲಿ ಬಿಡುವ ಅಂತ ಕರ್ಕೊಂಡು ಬಂದದ್ದು. ಇನ್ನು ಮೂಡುಬಿದಿರೆಯ ಗುತ್ತಿಗೆದಾರರಿಗೆ ಕೊಡ್ತೇನೆ."

ವಸಂತ ಏನೋ ಹೇಳಹೊರಡುವಷ್ಟರಲ್ಲಿ ಜೀಪು ಚಾಲೂ ಆಯಿತು. ಮೇಡಂ ಕಿಟಕಿಯಿಂದ ಇನ್ನೊಂದು ಮಾತು ಸೇರಿಸಿದರು. ಮೂರು ತಿಂಗಳು ಕಳೆದ ಮೇಲೆ ಶಿಷ್ಯನಿಗೆ ಪರೀಕ್ಷೆ. ಚನಿಯಪ್ಪ ಪಾಸಾಗದೆ ವಸಂತನ ಬಿಲ್ಲು ಪಾಸಾಗುವುದಿಲ್ಲ.

ಅವನು ಒಳಗೆ ಬಂದಾಗ ಚನಿಯಪ್ಪ ಸ್ವಿಚ್‌ಬೋರ್ಡೊಂದನ್ನು ಪೂರ್ತಿ ಬಿಚ್ಚಿ ನೆಲದ ಮೇಲೆ ಹರಡಿಕೊಂಡು ಕೂತಿದ್ದರು.

"ಬಿಚ್ಚುವುದು ಗೊತ್ತಾಯಿತು ವಸಂತ," ಎಂದರು ಖುಷಿಯಿಂದ. "ಇನ್ನು ಜೋಡಿಸುವುದು ಹೇಗೆ ಅಂತ ನಿಧಾನಕ್ಕೆ ಹೇಳು. ನನಗೇನೂ ಅವಸರ ಇಲ್ಲ."