ಬಲಕ್ಕೆ ಎಳೆಯುವ ಸ್ಕೂಟರು

ನಮ್ಮ ಸೋದರಮಾವ ಹುಟ್ಟಿದಾಗಿನಿಂದ ಒಂದೇ ಒಂದು ತಪ್ಪೂ ಮಾಡಿಲ್ಲ. ಇದು ಅವರೇ ಕೊಟ್ಟ ಹೇಳಿಕೆ. ನಾನು ವರದಿ ಮಾಡುತ್ತಿದ್ದೇನೆ, ಅಷ್ಟೆ. ಎಡವಿದರೆ ತಪ್ಪು ಹೊಸ್ತಿಲದ್ದು. ಬಸ್ಸು ತಪ್ಪಿದರೆ ತಪ್ಪು ಗಡಿಯಾರದ್ದು. ಹಗರಿಬೊಮ್ಮನಹಳ್ಳಿಯ ಕಣ್ಣಿನ ತಪಾಸಣೆ ಶಿಬಿರದಲ್ಲಿ ಫಲಕದ ಕೆಳಗಿನ ಎರಡು ಸಾಲು ಓದಲಾಗದೆ, “ಅಚ್ಚು ಸರಿ ಬಂದಿಲ್ರಿ ಡಾಕ್ಟ್ರ” ಎಂದವರು ಅವರು! ಪಕ್ಕದಲ್ಲಿದ್ದ ಅತ್ತೆ ಶಾಂತವಾಗಿ, “ಹೌದ್ರಿ, ಅಚ್ಚು ಕೆಟ್ಟೈತಿ. ಇವರಿಗೊಂದು ಚಷ್ಮಾ ಕೊಡ್ರಿ, ಸರಿಯಾಕ್ಕೈತಿ” ಎಂದಿದ್ದರು.

ಮಾವ ಸರ್ವೆಯರ್ ಆಗಿದ್ದವರು. ಕೂಡ್ಲಿಗಿ, ಹಡಗಲಿ ಕಡೆಯ ಎಷ್ಟೋ ಹೊಲ-ರಸ್ತೆಗಳಲ್ಲಿ ಅಳತೆಯ ಸರಪಳಿ ಹಿಡಿದು ನೇರ ಗೆರೆ ಎಳೆದವರು. ಅಂಥವರ ಸ್ವಂತ ಗಾಡಿಯೇ ಸೊಟ್ಟ ಹೋದರೆ ತಡೆದುಕೊಂಡಾರೆಯೇ?

ಗಾಡಿಯೆಂದರೆ, ಬುಕ್ ಮಾಡಿ ವರ್ಷಗಟ್ಟಲೆ ಕಾದು ಪಡೆದ ಸ್ಕೂಟರು. ಪ್ರತಿ ಭಾನುವಾರ ಅದರ ಮೇಲೆ ಹಂಪಸಾಗರಕ್ಕೆ, ಅತ್ತೆಯ ತವರಿಗೆ ಸವಾರಿ. ಮೈತುಂಬಿಕೊಂಡಿದ್ದ ಅತ್ತೆ ಎರಡೂ ಕಾಲು ಎಡಕ್ಕೆ ಇಳಿಬಿಟ್ಟು ಕೂರುತ್ತಿದ್ದರು. ದಾರಿಯುದ್ದಕ್ಕೂ ಮಾವನದು ಮಾತು, ಅತ್ತೆಯದು ಹೂಂ. ಒಮ್ಮೆ ಪೆಟ್ರೋಲ್ ಬಂಕಿನಲ್ಲಿ ಇಳಿದ ಅತ್ತೆ ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಮಾವ ಹೊರಟೇಬಿಟ್ಟರು, ಮಾತಾಡುತ್ತಲೇ! ಗಾಡಿ ಯಾಕೋ ವಾಲಿದಂತಾಗಿ ತಿರುಗಿ ನೋಡಿದರೆ ಹಿಂದಿನ ಸೀಟು ಖಾಲಿ. ವಾಪಸು ಬಂದು ಗದರಿದವರೂ ಅವರೇ: “ಇಳಿಯಾಕಿ ಹೇಳಿ ಇಳೀಬೇಕಿಲ್ಲ?”

“ಹೌದ್ರಿ, ಹೇಳಬೇಕಿತ್ತು” ಎಂದು ಅತ್ತೆ ಮತ್ತೆ ಹತ್ತಿ ಕೂತರು.

ಆ ಅತ್ತೆ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತವರು, ಆಸ್ಪತ್ರೆಗೆ ಹೊರಡುವ ಮೊದಲೇ ತೀರಿಕೊಂಡರು. ಮಾವ ಅಳಲಿಲ್ಲ. ಕರೆಸಿದ್ದ ಜೀಪು ತಡವಾಗಿ ಬಂತೆಂದು ಜೀಪಿನವನನ್ನು ಬೈದರು. ಮಾತಾಡಿಸಲು ಬಂದವರಿಗೆಲ್ಲ ಆ ಜೀಪಿನ ತಪ್ಪನ್ನೇ ಹೇಳಿದರು.

ತಿಂಗಳಿಡೀ ನಿಂತಿದ್ದ ಸ್ಕೂಟರನ್ನು ಆಮೇಲೆ ಸರ್ವಿಸಿಗೆ ಕೊಟ್ಟರು. ಮೆಕ್ಯಾನಿಕ್ ಖಾಸೀಂಸಾಬರು ಮೊದಲಿನಿಂದಲೂ ಆ ಗಾಡಿಯ ವೈದ್ಯರು. ಮರುದಿನವೇ ಮಾವ ಗ್ಯಾರೇಜಿಗೆ ನುಗ್ಗಿದರು.

“ಏನ್ ಕೆಡಿಸೀದಿ ಖಾಸೀಮ? ಗಾಡಿ ಬಲಕ್ಕ ಎಳೀತೈತಿ!”

ಖಾಸೀಂಸಾಬರು ಓಡಿಸಿ ನೋಡಿದರು. ನೇರ ಹೋಯಿತು. ಆದರೂ ಹ್ಯಾಂಡಲ್ ಬಿಚ್ಚಿ ಕೂಡಿಸಿದರು. ಮಾವ ಮತ್ತೆ ಬಂದರು. ಖಾಸೀಂಸಾಬರು ಹಿಂದಿನ ಚಕ್ರ ಮುಂದಕ್ಕೆ ಹಾಕಿ ನೋಡಿದರು. ಮಾವ ಮತ್ತೂ ಬಂದರು.

“ಗಾಡಿ ಬಾಣದಂಗ ನೆಟ್ಟಗ ಐತ್ರಿ ಸಾಹೇಬ್ರ.”

“ಹಂಗಾರ ರೋಡ ಸೊಟ್ಟ ಐತಿ ಅನ್ನು!”

“ರೋಡ್ ಅಳದಾರು ನೀವ ಅಲ್ಲೇನ್ರಿ!”

ಗ್ಯಾರೇಜು ನಕ್ಕಿತು. ಮಾವ ನಗಲಿಲ್ಲ. ಅಂದಿನಿಂದ ಚಹಾದಂಗಡಿಯಲ್ಲಿ, ಸಂತೆಯಲ್ಲಿ, ಖಾಸೀಮನ ಕೈ ಕೆಟ್ಟಿದೆ ಎಂದು ಸಾರತೊಡಗಿದರು. ಪತ್ರಿಕೆಗೆ ತಾಲೂಕಿನ ಸುದ್ದಿ ಬರೆಯುತ್ತಿದ್ದ ನನಗೂ ಆಜ್ಞೆಯಾಯಿತು: “ಬರಿಯೋ ಲೇ ನಿನ್ ಪೇಪರಿಗೆ!”

ಎರಡೂ ಕಡೆ ಕೇಳದೆ ಬರೆಯುವಂತಿಲ್ಲವಲ್ಲ. ಗ್ಯಾರೇಜಿಗೆ ಹೋದೆ. ಖಾಸೀಂಸಾಬರ ಮುಖ ಬಾಡಿತ್ತು. “ಸಾಹೇಬ್ರ ಬಾಯಾಗ ಈ ಮಾತು ಬಂದ್ರ ಯಾರ್ ಗಾಡಿ ಕೊಡ್ತಾರ್ರಿ ನನಗ? ಆಗಲೇ ಇಬ್ಬರು ಬ್ಯಾರೆ ಕಡಿ ಹೋಗ್ಯಾರ.”

ಹಾಗಾಗಿ ಕೂಡ್ಲಿಗಿ ರಸ್ತೆಯಲ್ಲಿ ಸ್ಥಳ ತನಿಖೆ ನಡೆಯಿತು. ಖಾಸೀಂಸಾಬರು ಓಡಿಸಿದರು, ನೇರ. ನಾನು ಓಡಿಸಿದೆ, ನೇರ. ಮಾವ ಹತ್ತಿದರು, ಗಾಡಿ ಬಲಕ್ಕೆ ಎಳೆದು, ರಸ್ತೆ ದಾಟಿ, ಆಚೆ ಬದಿಯ ಜಾಲಿಗಿಡಕ್ಕೆ ನಮಸ್ಕಾರ ಮಾಡಿತು!

ಖಾಸೀಂಸಾಬರು ಬಹಳ ಹೊತ್ತು ಮಾವನ ಬೆನ್ನನ್ನೇ ನೋಡಿದರು. ಆಮೇಲೆ ನನಗೆ ಮೆತ್ತಗೆ ಹೇಳಿದರು: “ನೀವು ಹಿಂದ ಕುಂದರ್ರಿ. ಹಂಗಲ್ರಿ. ಎರಡೂ ಕಾಲು ಎಡಕ್ಕ ಬಿಡ್ರಿ, ಹೆಣ್ಮಕ್ಕಳು ಕುಂದರ್ತಾರಲ್ಲ, ಹಂಗ.”

ಮಾವನ ಹಿಂದೆ ಹಾಗೇ ಕೂತೆ. ಎದುರು ಬಂದ ಬಸ್ಸಿನ ಕಿಟಕಿಗಳೆಲ್ಲ ನಕ್ಕವು. ಸ್ಕೂಟರು ಮಾತ್ರ ಸರಪಳಿ ಹಿಡಿದು ಎಳೆದ ಗೆರೆಯಂತೆ ನೇರ ಹೋಗಿ, ನೇರ ಬಂತು.

“ಈಗ ಸರಿಯಾತು ನೋಡು!” ಮಾವ ಗೆದ್ದವರಂತೆ ಇಳಿದರು. “ಏನ್ ಮಾಡಿದಿ?”

“ನಾನೇನೂ ಮಾಡಿಲ್ರಿ” ಎಂದು ಖಾಸೀಂಸಾಬರು ಕೈಯಲ್ಲಿದ್ದ ಅರಿವೆಯನ್ನು ಮಡಚಿದರು. “ಇಪ್ಪತ್ತೆರಡು ವರ್ಷ ಅಮ್ಮಾರು ಎಡಕ್ಕ ಕುಂತಿದ್ರು. ಅವರ ಭಾರ ಸರಿದೂಗಾಕ ನೀವು ಬಲಕ್ಕ ವಾಲಿ ಹೊಡೀತಿದ್ರಿ. ಈಗೂ ವಾಲ್ತೀರಿ, ಸಾಹೇಬ್ರ.”

ಮಾವ, ನಾನು ಇಳಿದಿದ್ದ ಹಿಂದಿನ ಸೀಟಿನ ಮೇಲೆ ಕೈಯಿಟ್ಟು, ಇಲ್ಲದ ಧೂಳನ್ನು ಒರೆಸಿದರು. ಮತ್ತೆ ಒರೆಸಿದರು. ಕೊನೆಗೆ ನಮ್ಮಿಬ್ಬರ ಕಡೆಗೂ ನೋಡದೆ ಹೇಳಿದರು:

“ನಂದೇನ್ ತಪ್ಪೈತಿ ಇದರಾಗ? ಇಳಿಯಾಕಿ ಹೇಳಿ ಇಳೀಬೇಕಿಲ್ಲ?”

ಖಾಸೀಂಸಾಬರು ತಲೆ ತಗ್ಗಿಸಿದರು.

“ಹೌದ್ರಿ” ಎಂದರು. “ಹೇಳಬೇಕಿತ್ತು.”