‘ಮನೆ’ ಅಂದರೆ ಏಳದ ಕಂಪ್ಯೂಟರು

ನಮ್ಮ ಮನೆತನದಲ್ಲಿ ಪದವಿ ಕಂಡವನು ನಾನೇ ಮೊದಲಿಗ. ಅಪ್ಪ ಹಮಾಲಿ ಮಾಡಿದರು, ಅವ್ವ ಹತ್ತಿ ಬಿಡಿಸಿದಳು, ನಾನು ಯಾದಗಿರಿ ಬಸ್ಸಿನಲ್ಲಿ ನಿಂತುಕೊಂಡೇ ಮೂರು ವರ್ಷ ಓದಿದೆ. ಹೀಗಾಗಿ ಪದವಿ ಪತ್ರಕ್ಕೆ ಗಾಜು ಹಾಕಿಸಿ, ದೇವರ ಜಗುಲಿಗಿಂತ ಒಂದು ಗೇಣು ಮೇಲೆ ತೂಗು ಹಾಕಿದ್ದೇನೆ. ಬೀಗರು ಬಂದರೆ ಮೊದಲು ಅದನ್ನು ತೋರಿಸುತ್ತೇನೆ. ಆಮೇಲೆ ನೀರು ಕೊಡುತ್ತೇನೆ.

ಪದವಿಯ ಜೊತೆಗೆ ಒಂದು ಚಟವೂ ಬಂತು: ಕಂಡವರ ಕನ್ನಡ ತಿದ್ದುವುದು. ಹೆಚ್ಚು ತಿದ್ದಿಸಿಕೊಂಡವಳು ಹೆಂಡತಿ ನೀಲಮ್ಮ.

“ಮನಿ ಅಲ್ಲ ನೀಲಾ, ಮನೆ. ಎ! ಎ!”

“ಮನಿ ಅಂದ್ರ ಗ್ವಾಡಿ ಬೀಳ್ತಾವೇನ್ರಿ?”

ಗೋಡೆ ಬಿತ್ತು. ಆದರೆ ಬಿದ್ದದ್ದು ‘ಮನೆ’ ಅಂದಾಗ!

ಶಹಾಪುರದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ನಾನು ಉಸ್ತುವಾರಿ. ಅಲ್ಲಿನ ದೊಡ್ಡ ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರ್ ಇದೆ. ಅದಕ್ಕೆ ವರ್ಚುವಲ್ ಮೆಷಿನ್ ಎನ್ನುತ್ತಾರೆ. ಕೆಲಸವೆಲ್ಲ ಮಾಡುತ್ತದೆ, ಮುಟ್ಟಲು ಮಾತ್ರ ಸಿಗುವುದಿಲ್ಲ. ಅದರ ಡಿಸ್ಕೂ ಅಷ್ಟೇ, ಬರೀ ಒಂದು ಫೈಲು. ಕೊನೆಯ ವರ್ಷದವರ ಪ್ರಾಜೆಕ್ಟುಗಳೆಲ್ಲ ವಾಸವಾಗಿರುವುದು ಆ ಡಿಸ್ಕಿನಲ್ಲಿ. ವಾಸದ ಜಾಗವಲ್ಲವೇ ಎಂದು ಹಿಂದೆ ನಾನೇ ಅದಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಮನಿ’ ಎಂದು ಹೆಸರಿಟ್ಟಿದ್ದೆ.

ವೈವಾಕ್ಕೆ ಕಲಬುರಗಿಯಿಂದ ಪರೀಕ್ಷಕರು ಬರುವ ಹಿಂದಿನ ದಿನ ಆ ಹೆಸರು ಕಣ್ಣಿಗೆ ಬಿತ್ತು. ಬೆವರಿದೆ! ಒಬ್ಬ ಪದವೀಧರನ ಡಿಸ್ಕಿಗೆ ‘ಮನಿ’ಯೇ? ಪರೀಕ್ಷಕರು ಏನೆಂದುಕೊಂಡಾರು? ಕೂಡಲೇ ಡಿಸ್ಕಿನ ಹೆಸರನ್ನು ‘ಮನೆ’ ಎಂದು ಶುದ್ಧೀಕರಿಸಿದೆ. ಊರಿಗೆ ಉಪಕಾರ ಮಾಡಿದವನಂತೆ ಮನೆಗೆ ಬಂದು, ಹೊಸ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ.

ಮರುದಿನ ಪರೀಕ್ಷಕರು ಪ್ರಿನ್ಸಿಪಾಲರ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು. ಅವರು ಬರುವುದರೊಳಗೆ ಯಂತ್ರಕ್ಕೊಮ್ಮೆ ಮುಖ ತೊಳೆಸೋಣ ಎಂದು ಆರಿಸಿ ಮತ್ತೆ ಹಚ್ಚಿದೆ.

ಏಳಲಿಲ್ಲ!

ಡಿಸ್ಕಿಗಾಗಿ ಕಾಯುತ್ತಿದ್ದೇನೆ ಎಂದಿತು. ಒಂದೂವರೆ ನಿಮಿಷ ಎಣಿಸಿತು. ಆಮೇಲೆ ಡಿಸ್ಕು ಸಿಗಲಿಲ್ಲ, ಇದು ತುರ್ತು ಪರಿಸ್ಥಿತಿ ಎಂದು ಘೋಷಿಸಿ ಕಪ್ಪಗೆ ಕುಳಿತುಬಿಟ್ಟಿತು.

ಮೊದಲ ಸರದಿ ಸುರಪುರದ ರುಬೀನಾಳದು. ಅವಳ ಅಮ್ಮಿ ಬಟ್ಟೆ ಹೊಲಿಯುತ್ತಾರೆ. ಗಿರಾಕಿಗಳ ಅಳತೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದ್ದೇ ಅವಳ ಪ್ರಾಜೆಕ್ಟು. ಪಾಸಾದರೆ ಅವಳೂ ಅವರ ಮನೆಯ ಮೊದಲ ಪದವೀಧರೆ. ಇವತ್ತು ತೋರಿಸಲಾಗದಿದ್ದರೆ ಇನ್ನೊಂದು ವರ್ಷ. ಬೇರೆ ಪ್ರತಿ ಇಟ್ಟುಕೊಳ್ಳಲೇ ಎಂದು ಅವಳು ಕೇಳಿದ್ದಳು. “ನಾನಿರುವಾಗ ಅದೆಲ್ಲ ಯಾಕೆ?” ಎಂದಿದ್ದ ಮಹಾನುಭಾವ ನಾನೇ!

ಸ್ಕ್ರೂಡ್ರೈವರ್ ಹಿಡಿದು ದೊಡ್ಡ ಕಂಪ್ಯೂಟರಿನ ಡಬ್ಬಿ ಬಿಚ್ಚಿದೆ. ಒಳಗೆ ಜೋರಾಗಿ ಊದಿದೆ. ಧೂಳೆಲ್ಲ ನನ್ನ ಮೀಸೆಗೇ ಬಂತು.

“ಸರ್, ಏನ್ ಹುಡಕಾಕತ್ತೀರಿ?”

“ಡಿಸ್ಕು ಸಡಿಲಾಗಿರಬೇಕು, ರುಬೀನಾ.”

“ಆ ಡಿಸ್ಕು ಬರೀ ಫೈಲ್ ಅದ, ಕೈಗೆ ಸಿಗಂಗಿಲ್ಲ ಅಂತ ನೀವ ಕಲಿಸೀರಲ್ರಿ ಸರ್?”

ಕಲಿಸಿದ್ದೆ. ಪರೀಕ್ಷೆಯಲ್ಲಿ ಅದಕ್ಕೆ ಐದು ಅಂಕವನ್ನೂ ಕೊಟ್ಟಿದ್ದೆ.

ಡಬ್ಬಿ ಮುಚ್ಚಿ, ಯಂತ್ರದ ಹಾಜರಿ ಪಟ್ಟಿ ತೆಗೆದೆ. ಯಂತ್ರ ಏಳುವಾಗ ಅದರಲ್ಲಿರುವ ಡಿಸ್ಕುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತದೆ. ನಮ್ಮ ಡಿಸ್ಕಿನ ಹೆಸರೂ ಅಲ್ಲಿತ್ತು. ಕಣ್ಣು ನೋಡಿತು, ಬಾಯಿ ಓದಿತು: ‘ಮನಿ’. ಹುಟ್ಟಿದಾಗಿನಿಂದ ಕೇಳಿದ ಶಬ್ದ! ಕಿವಿಗೆ ಪೂರಾ ಸರಿಯೆನಿಸಿತು. ಪಟ್ಟಿಯಲ್ಲಿ ತಪ್ಪೇನೂ ಇಲ್ಲವೆಂದು ತೀರ್ಪು ಕೊಟ್ಟೆ. ಹಟಮಾರಿ ಡಿಸ್ಕನ್ನು ಕರೆಯುವುದೇ ಬೇಡವೆಂದು ಆ ಸಾಲಿನ ಮುಂದೊಂದು ಗುರುತು ಹಾಕಿ, ಮತ್ತೆ ಹಚ್ಚಿದೆ.

ಎದ್ದಿತು! ಕುಣಿದೆ. ಪ್ರಾಜೆಕ್ಟುಗಳ ಜಾಗ ತೆರೆದೆ.

ಖಾಲಿ! ಒಂದೂ ಪ್ರಾಜೆಕ್ಟಿಲ್ಲ!

“ಯಾ ಅಲ್ಲಾ!” ರುಬೀನಾ ಕುರ್ಚಿ ಹಿಡಿದುಕೊಂಡಳು. “ಎಲ್ಲಾ ಹೋಗ್ಯಾವೇನ್ರಿ ಸರ್? ಅಮ್ಮಿಗೆ ಏನ್ ಹೇಳ್ಲಿ?”

ಕರೆಯದಿದ್ದರೆ ಡಿಸ್ಕು ಬರುವುದಿಲ್ಲ ಎಂಬ ಸಾಮಾನ್ಯ ಜ್ಞಾನವೂ ಆ ಗಳಿಗೆಯಲ್ಲಿ ಹಾರಿಹೋಗಿತ್ತು. ಎಲ್ಲವನ್ನೂ ಅಳಿಸಿಬಿಟ್ಟೆನೆಂದೇ ತಿಳಿದೆ! ಅಷ್ಟರಲ್ಲಿ ಪರೀಕ್ಷಕರು ಬಂದು ಬಾಗಿಲಲ್ಲಿ ನಿಂತರು. ಕೊನೆಯ ಆಸೆಯಾಗಿ, ಪಟ್ಟಿಯ ಹೆಸರನ್ನು ಬರೆದಿಟ್ಟ ಹೆಸರಿನೊಂದಿಗೆ ತಾಳೆ ನೋಡಲು ಮನೆಗೆ ಫೋನ್ ಹಚ್ಚಿದೆ. ಅವಸರದಲ್ಲಿ ಸ್ಪೀಕರನ್ನೂ ಒತ್ತಿದೆ.

“ನೀಲಾ, ನೀಲಿ ನೋಟ್‌ಬುಕ್ ತೆಗೆ. ನಿನ್ನೆ ನಾನು ಬರೆದ ಡಿಸ್ಕಿನ ಹೆಸರು ಓದು. ಒಂದೊಂದೇ ಅಕ್ಷರ!”

“ಎಮ್. ಎ. ಎನ್. ಇ.”

“ಇ? ಹಾಗಾದರೆ ಸರಿಯೇ ಇದೆಯಲ್ಲ, ಮನಿ!”

“ಮನಿ ಅಲ್ರಿ, ಮನೆ!”

ಮದುವೆಯಾದ ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಅವಳು ನನ್ನನ್ನು ತಿದ್ದಿದಳು.

“ಇ ಅಂದೆಯಲ್ಲ?”

“ಇಂಗ್ಲಿಷಿನ ಇ ರಿ! ಕನ್ನಡದಾಗ ಅದು ಎ! ಎ! ನೀವ ದಿನಾ ಹೊಯ್ಕೋತೀರಲ್ಲ, ಅದ ಎ!”

ಪರದೆ ನೋಡಿದೆ. ಹಾಜರಿ ಪಟ್ಟಿಯಲ್ಲಿ ಕೊನೆಯ ಅಕ್ಷರ ಇಂಗ್ಲಿಷಿನ ಐ! ಡಿಸ್ಕಿನ ಹೆಸರು ತಿದ್ದಿದವನು ಪಟ್ಟಿಯಲ್ಲಿ ತಿದ್ದಿರಲಿಲ್ಲ. ಯಂತ್ರ ಪಾಪ ‘ಮನಿ’, ‘ಮನಿ’ ಎಂದು ಒಂದೂವರೆ ನಿಮಿಷ ಕೂಗಿದೆ. ಒಳಗಿನ ಡಿಸ್ಕು, ‘ನಾನೀಗ ಶುದ್ಧ ಕನ್ನಡದವನು, ನನ್ನ ಹೆಸರು ಮನೆ’ ಎಂದು ಓಗೊಡದೆ ಕುಳಿತಿದೆ!

“ಸರ್, ಈಗ ಯಾವುದನ್ನ ತಿದ್ದೂದ್ರಿ? ಪಟ್ಟಿನೋ, ಡಿಸ್ಕೋ?” ರುಬೀನಾ ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಬಾಗಿಲಿಂದ ಪರೀಕ್ಷಕರ ದನಿ ಬಂತು. “ಮನಿ ಅಂತನ ಇರ್ಲಿ ಬಿಡ್ರಿ ಮಾಸ್ತರ. ನಮ್ಮ ಮನ್ಯಾಗೂ ಮನಿನ ಅಂತೀವಿ.”

ಯಾರಿಗಾಗಿ ಶುದ್ಧೀಕರಿಸಿದ್ದೆನೋ ಅವರೇ!

ಡಿಸ್ಕಿಗೆ ಹಳೆಯ ಹೆಸರು ಕೊಟ್ಟೆ, ಗುರುತು ಅಳಿಸಿದೆ, ಹಚ್ಚಿದೆ. ಯಂತ್ರ ಕರೆಯಿತು, ಡಿಸ್ಕು ಬಂತು. ಪ್ರಾಜೆಕ್ಟುಗಳೆಲ್ಲ ಕೂದಲು ಕೊಂಕದೆ ಅಲ್ಲೇ ಇದ್ದವು. ರುಬೀನಾ ತೋಳು, ಎದೆ, ಉದ್ದದ ಅಳತೆಗಳನ್ನು ಪಟಪಟ ತೋರಿಸಿದಳು. “ನಮ್ಮ ಟೇಲರಗೂ ಒಂದು ಮಾಡಿಕೊಡವಾ, ನನ್ನ ಅಂಗಿ ಯಾವಾಗ್ಲೂ ಗಿಡ್ಡ ಮಾಡ್ತಾನ,” ಎಂದು ಪರೀಕ್ಷಕರು ನಕ್ಕು ಸಹಿ ಹಾಕಿದರು. ಪಾಸು! ಅವಳು ಅಲ್ಲಿಂದಲೇ ಸುರಪುರಕ್ಕೆ ಫೋನ್ ಮಾಡಿ ಅತ್ತಳು. ನಾನು ಮೀಸೆಯ ಧೂಳು ಒರೆಸುವ ನೆಪದಲ್ಲಿ ಕಣ್ಣನ್ನೂ ಒರೆಸಿಕೊಂಡೆ.

ಸಂಜೆ ಬಂದು ಬಾಗಿಲು ಬಡಿದೆ. ಚಿಲಕ ತೆಗೆಯುವ ಸದ್ದಿಲ್ಲ.

“ಯಾರ್ರಿ?” ಒಳಗಿನಿಂದ ನೀಲಮ್ಮ.

“ನಾನು.”

“ಎಲ್ಲಿಗೆ ಬಂದೀರಿ?”

“ಮನೆಗೆ.”

ಸದ್ದಿಲ್ಲ. ಪಕ್ಕದ ಮನೆಯವರು ಹೊರಬಂದು ನೋಡತೊಡಗಿದರು. ಹೆಚ್ಚುಕಡಿಮೆ ಒಂದೂವರೆ ನಿಮಿಷವಾಗಿತ್ತು. ಗಾಜು ಹಾಕಿಸಿದ ಪದವಿ ಪತ್ರ ಒಳಗಿತ್ತು, ಅದನ್ನು ಪಡೆದವನು ಹೊರಗಿದ್ದ.

“ಮನಿಗೆ,” ಎಂದೆ.

ಬಾಗಿಲು ತಟ್ಟನೆ ತೆರೆಯಿತು.